ಕಾಯಿಲೆ ಇಲ್ಲ, ಮಾತ್ರೆ ಮಾತ್ರ ಪಾರ್ಕಿನ್ಸನ್‌ನದು

ವೈದ್ಯರು ಬರೆದುಕೊಟ್ಟ ಮಾತ್ರೆಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿದಾಗ ‘ಪಾರ್ಕಿನ್ಸನ್ ಕಾಯಿಲೆಯ ಔಷಧ’ ಎಂದು ಕಂಡರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ನನಗೆ ಆ ಕಾಯಿಲೆಯೇ ಇಲ್ಲ, ಇದನ್ನು ವರ್ಷಗಟ್ಟಲೆ ನುಂಗಿದರೆ ಅದೇ ಬಂದುಬಿಡುವುದೇ?

ಬರುವುದಿಲ್ಲ. ಪಾರ್ಕಿನ್ಸನ್ ಬರುವುದು ಮಿದುಳಿನಲ್ಲಿ ಡೋಪಮೈನ್ ತಯಾರಿಸುವ ನರಕೋಶಗಳು ಸಾಯುವುದರಿಂದ. ಈ ಕಾಯಿಲೆಗೆ ಕೊಡುವ ಲೆವೊಡೋಪಾ ಮಾತ್ರೆ ಆ ಕೋಶಗಳನ್ನು ಕೊಲ್ಲುತ್ತದೆ ಎನ್ನಲು ಆಧಾರವಿಲ್ಲ. ಉದಾಹರಣೆಗೆ, ಬೆಳಿಗ್ಗೆ ಚೆನ್ನಾಗಿಯೇ ನಡೆದು ಸಂಜೆಯ ಹೊತ್ತಿಗೆ ಕಾಲು ಸೊಟ್ಟಗಾಗಿ ಎಡವುವ ಮಕ್ಕಳಿದ್ದಾರೆ. ಒಂದು ಕಿಣ್ವದ ಕೊರತೆಯಿಂದ ಬರುವ ಈ ಅಪರೂಪದ ಡಿಸ್ಟೋನಿಯಾದಲ್ಲಿ, ಅಂದರೆ ಸ್ನಾಯುಗಳು ಸೆಟೆದುಕೊಳ್ಳುವ ಕಾಯಿಲೆಯಲ್ಲಿ, ನರಕೋಶಗಳು ಹಾಳಾಗಿರುವುದಿಲ್ಲ. ಇವರು ಸಣ್ಣ ಪ್ರಮಾಣದ ಲೆವೊಡೋಪಾವನ್ನು ದಶಕಗಳ ಕಾಲ ತೆಗೆದುಕೊಂಡು ಸಲೀಸಾಗಿ ನಡೆದಾಡುತ್ತಾರೆ. ಪಾರ್ಕಿನ್ಸನ್ ರೋಗಿಗಳನ್ನು ಕೆಲವು ವರ್ಷಗಳ ನಂತರ ಕಾಡುವ, ಮೈ ತಾನಾಗಿಯೇ ತೊನೆದಾಡುವ ತೊಂದರೆ ಇವರಲ್ಲಿ ವಿರಳ.

ಹಾಗೆಂದು ‘ಎಷ್ಟು ವರ್ಷ ನುಂಗಿದರೂ ಏನೂ ಆಗದು’ ಎನ್ನುವುದೂ ತಪ್ಪೇ. ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಈ ಎರಡನೆಯ ನಂಬಿಕೆ. ರಾತ್ರಿ ಮಲಗಿದೊಡನೆ ಕಾಲೊಳಗೆ ಏನೋ ಹರಿದಾಡಿದಂತಾಗಿ, ಎದ್ದು ಓಡಾಡದೆ ವಿಧಿಯಿಲ್ಲ ಎನ್ನಿಸುವ ಸಮಸ್ಯೆಗೂ ಪಾರ್ಕಿನ್ಸನ್‌ನ ಮಾತ್ರೆಗಳಾದ ಪ್ರಮಿಪೆಕ್ಸೋಲ್, ರೋಪಿನಿರೋಲ್ ಕೊಡುವುದುಂಟು. ಮೊದಮೊದಲು ಹಾಯೆನಿಸುತ್ತದೆ. ಆದರೆ ವರ್ಷಗಳು ಕಳೆದಂತೆ ಅನೇಕರಲ್ಲಿ ಮಾತ್ರೆಯೇ ಸಮಸ್ಯೆಯನ್ನು ಬೆಳೆಸುತ್ತದೆ. ರಾತ್ರಿ ಹತ್ತಕ್ಕೆ ಬರುತ್ತಿದ್ದ ಚಡಪಡಿಕೆ ಸಂಜೆ ಐದಕ್ಕೇ ಶುರುವಾಗುತ್ತದೆ, ಕೈಗಳಿಗೂ ಹಬ್ಬುತ್ತದೆ. ಕಾಯಿಲೆ ಜಾಸ್ತಿಯಾಯಿತೆಂದು ಪ್ರಮಾಣ ಏರಿಸಿದರೆ ಬೆಂಕಿಗೆ ತುಪ್ಪ ಸುರಿದಂತೆ. ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2025ರ ಮಾರ್ಗಸೂಚಿಯಲ್ಲಿ ಈ ಸಮಸ್ಯೆಗೆ ಇವುಗಳ ವಾಡಿಕೆಯ ಬಳಕೆ ಬೇಡವೆಂದಿದೆ. ರಕ್ತದಲ್ಲಿ ಕಬ್ಬಿಣದಂಶವನ್ನು ಪರೀಕ್ಷಿಸಲು ಹೇಳಿದೆ. ರಕ್ತಹೀನತೆ ಇಷ್ಟು ವ್ಯಾಪಕವಾಗಿರುವ ನಮ್ಮಲ್ಲಿ ಆ ಪರೀಕ್ಷೆಯನ್ನು ಬಿಡಲೇಬಾರದು.

ಇದೇ ಗುಂಪಿನ ಮಾತ್ರೆಗಳು ಕೆಲವರಲ್ಲಿ ಜೂಜು, ಮಿತಿಮೀರಿದ ಖರೀದಿ, ತಡೆಯಲಾಗದ ಕಾಮಾಸಕ್ತಿ ಕೆರಳಿಸುತ್ತವೆ. ಪಾರ್ಕಿನ್ಸನ್ ಇಲ್ಲದವರಲ್ಲೂ ಇದು ದಾಖಲಾಗಿದೆ. ಎಂದೂ ಇಸ್ಪೀಟು ಮುಟ್ಟದವರು ಆನ್‌ಲೈನ್ ರಮ್ಮಿಯಲ್ಲಿ ಉಳಿತಾಯವನ್ನೆಲ್ಲ ಕಳೆಯುತ್ತಿದ್ದರೆ, ಅವರ ನಡತೆಯನ್ನು ದೂರುವ ಮೊದಲು ಮಾತ್ರೆಯ ಪಟ್ಟಿ ನೋಡಬೇಕು. ಪ್ರಮಾಣ ಇಳಿಸಿದರೆ ಅಥವಾ ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಈ ಸೆಳೆತ ತಗ್ಗುತ್ತದೆ.

ಪಾರ್ಕಿನ್ಸನ್ ಮಾತ್ರೆಗಳ ಪೈಕಿ ನಮ್ಮ ಮನೆಗಳಲ್ಲಿ ಹೆಚ್ಚು ಕಾಣುವುದು ಟ್ರೈಹೆಕ್ಸಿಫೆನಿಡಿಲ್, ಅಂದರೆ ಪ್ಯಾಸಿಟೇನ್. ಮನೋರೋಗದ ಔಷಧಿಗಳಿಂದ ಬರುವ ಕೈನಡುಕ, ಬಿಗಿತಕ್ಕೆ ಇದನ್ನು ಜೊತೆಗೆ ಕೊಡುತ್ತಾರೆ. ‘ಆ ಮಾತ್ರೆ ಇರುವ ತನಕ ಇದೂ ಇರಲೇಬೇಕು’ ಎಂಬುದು ಬಹುಪಾಲು ಕುಟುಂಬಗಳ ನಂಬಿಕೆ. ಹಾಗೇನಿಲ್ಲ. ವಾಡಿಕೆಯೆಂಬಂತೆ ಇದನ್ನು ದೀರ್ಘಕಾಲ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1990ರಲ್ಲೇ ಹೇಳಿದ್ದಾರೆ. ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ಕಣ್ಣು ಮಂಜಾಗುವುದು ಇದರ ಪರಿಣಾಮಗಳು. ಮರೆವೂ ಬರುತ್ತದೆ, ವಯಸ್ಸಾದವರಲ್ಲಿ ಅದನ್ನು ‘ಅರಳುಮರಳು’ ಎಂದು ಸುಮ್ಮನಾಗಿಬಿಡುತ್ತೇವೆ.

‘ಗಿಡಮೂಲಿಕೆಯಾದರೆ ಭಯವಿಲ್ಲ’ ಎನ್ನುವವರಿಗೆ ಒಂದು ಮಾತು. ಶಕ್ತಿವರ್ಧಕವೆಂದು ಮಾರುವ ನಸುಗುನ್ನಿ ಬೀಜದ ಪುಡಿಯಲ್ಲಿರುವುದೂ ಲೆವೊಡೋಪಾವೇ. 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಅದನ್ನು ಈ ಬೀಜದಿಂದ ಬೇರ್ಪಡಿಸಿದ್ದರು. ಎಲ್ಲ ಬೀಜಗಳಲ್ಲೂ ಅದರ ಪ್ರಮಾಣ ಒಂದೇ ಇರುವುದಿಲ್ಲ. ಹಾಗಾಗಿ ಒಂದು ಚಮಚದಲ್ಲಿ ಎಷ್ಟು ಔಷಧ ಹೊಟ್ಟೆಗೆ ಹೋಯಿತೆಂದು ಹೇಳಲಾಗದು.

ಇಷ್ಟು ಓದಿ ಇವತ್ತೇ ಮಾತ್ರೆ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ಆತಂಕ, ಬೆವರು, ನಿದ್ದೆಗೇಡು ಕಾಡಬಹುದು. ಇವನ್ನು ನಿಧಾನವಾಗಿ ಇಳಿಸಬೇಕು. ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಕೊಂಡೊಯ್ದು, ಒಂದೊಂದನ್ನೂ ತೋರಿಸಿ ಕೇಳಿ: ಇದು ಯಾತಕ್ಕೆ ಶುರುವಾಯಿತು, ಈಗಲೂ ಬೇಕೇ?