ಕೊರಳೆಲುಬಿನ ಆಧಾರ, ಅನ್ನನಾಳದ ಆತಂಕ

ಕೊರಳಿನ ಬೆನ್ನೆಲುಬಿನ ಶಸ್ತ್ರಕ್ರಿಯೆಯನ್ನು ಹಿಂಬದಿಯಿಂದಲೇ ನಡೆಸುವುದು ವಾಡಿಕೆಯಾಗಿದ್ದ ಕಾಲದಲ್ಲಿ, ಅಮೆರಿಕದ ಬಾಲ್ಟಿಮೋರ್ ನಗರದ ರಾಬಿನ್‌ಸನ್ ಮತ್ತು ಸ್ಮಿತ್ ಎಂಬ ವೈದ್ಯದ್ವಯರು 1955ರಲ್ಲಿ ಮುಂಬದಿಯ ಮಾರ್ಗವೊಂದನ್ನು ಪ್ರಕಟಪಡಿಸಿದರು. ದೊಡ್ಡ ರಕ್ತನಾಳಗಳನ್ನು ಒಂದು ಪಕ್ಕಕ್ಕೂ, ಶ್ವಾಸನಾಳ ಅನ್ನನಾಳಗಳನ್ನು ಇನ್ನೊಂದು ಪಕ್ಕಕ್ಕೂ ಸರಿಸಿ, ಕೆಟ್ಟ ಡಿಸ್ಕನ್ನು ತೆಗೆದು, ಆ ತೆರವಿನಲ್ಲಿ ರೋಗಿಯ ಸೊಂಟದೆಲುಬಿನ ತುಣುಕೊಂದನ್ನು ಕೂರಿಸಿ ಎರಡು ಕಶೇರುಕಗಳನ್ನು ಬೆಸೆಯುವ ಈ ವಿಧಾನವು, 1958ರಲ್ಲಿ ಹೊನೊಲುಲುವಿನ ರಾಲ್ಫ್ ಕ್ಲೋವರ್ಡ್ ಅವರು ತಮ್ಮದೇ ಕ್ರಮವನ್ನು ಪ್ರಕಟಿಸಿದ ಮೇಲೆ ಮತ್ತಷ್ಟು ಪ್ರಸಾರವನ್ನು ಪಡೆಯಿತು.

ಕೂರಿಸಿದ ಎಲುಬು ಬೆಸೆದುಕೊಳ್ಳುವ ಮುನ್ನವೇ ಜಾರುವುದುಂಟಾದುದರಿಂದ ಅದನ್ನು ಲೋಹದಿಂದ ಬಿಗಿಯುವ ಆಲೋಚನೆ ಹುಟ್ಟಿತು. 1980ರ ದಶಕದಲ್ಲಿ ಜರ್ಮನಿಯ ಕಾಸ್ಪರ್ ಅವರ ಫಲಕವೂ, ಸ್ಕ್ರೂಗಳು ಹಿಂದೆ ಸರಿಯದಂತೆ ಫಲಕದಲ್ಲೇ ಬಂಧಿಸುವ ಸ್ವಿಟ್ಜರ್ಲೆಂಡಿನ ಮೋರ್ಷರ್ ಅವರ ಯೋಜನೆಯೂ ಬಳಕೆಗೆ ಬಂದುವು.

ಆದರೆ ಆ ಫಲಕಕ್ಕೆ ಒದಗಿದ ನೆರೆಯಾದರೋ ಅತಿ ಕೋಮಲವಾದುದು. ಜಠರ ಕರುಳುಗಳಿಗಿರುವ ಹೊರಪೊರೆಯ ರಕ್ಷೆಯಿಲ್ಲದ ಅನ್ನನಾಳವು ಕಶೇರುಕಗಳ ಮುಂದೆಯೇ ಹಾದು, ಪ್ರತಿ ತುತ್ತಿಗೂ ಮೇಲಕ್ಕೂ ಕೆಳಕ್ಕೂ ಜರುಗುತ್ತಿರುತ್ತದೆ. ಸಡಿಲಗೊಂಡ ಸ್ಕ್ರೂವಾಗಲಿ, ಮೇಲೆದ್ದ ಫಲಕದ ಅಂಚಾಗಲಿ ಅದರ ಹಿಂಗೋಡೆಯನ್ನು ದಿನದಿನವೂ ಉಜ್ಜಿದರೆ, ರಕ್ತಸಂಚಾರ ಕುಂದಿ, ಗೋಡೆ ಸವೆದು, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ರಂಧ್ರವೊಂದು ಉಂಟಾದೀತು. ಶಸ್ತ್ರಕ್ರಿಯೆಯ ವೇಳೆಯಲ್ಲೇ ಆಗುವ ಗಾಯಕ್ಕಿಂತ ಇದು ಭಿನ್ನವಾದುದು. ವಿರಳವಾದುದು, ಆದರೆ ಸೋಂಕು ಎದೆಯೊಳಕ್ಕಿಳಿದರೆ ಪ್ರಾಣಾಂತಿಕವಾದುದು.

ನುಂಗುವಾಗ ನೋವು, ಕೊರಳಿನ ಬಾವು, ಜ್ವರ, ಮರುಕಳಿಸುವ ನ್ಯುಮೋನಿಯಾ ಇವೇ ಅದರ ಸೂಚನೆಗಳು. ಎಂಡೋಸ್ಕೋಪಿ, ಸಿ.ಟಿ. ಸ್ಕ್ಯಾನ್, ಎಕ್ಸ್-ಕಿರಣಗಳನ್ನು ತಡೆಯುವ ದ್ರವವನ್ನು ನುಂಗಿಸಿ ತೆಗೆಯುವ ಎಕ್ಸ್-ರೇಗಳಲ್ಲಿ ಒಂದು ನಿರ್ದುಷ್ಟವೆಂದು ತೋರಿದ ಮಾತ್ರಕ್ಕೆ ಸಂಶಯವನ್ನು ಬಿಡಲಾಗದು. ರಂಧ್ರ ದೃಢಪಟ್ಟಲ್ಲಿ ಸಾಮಾನ್ಯವಾಗಿ ಲೋಹವನ್ನು ಹೊರತೆಗೆದು, ಕೀವನ್ನು ಬಸಿದು, ಗೋಡೆಯನ್ನು ಹೊಲಿದು, ಅಗತ್ಯವಿದ್ದೆಡೆ ಕೊರಳಿನ ಸ್ನಾಯುವಿನ ಪಟ್ಟಿಯೊಂದನ್ನು ಅದರ ಮೇಲೆ ಹೊದಿಸಿ, ವಾಸಿಯಾಗುವವರೆಗೆ ಕೊಳವೆಯ ಮೂಲಕ ಆಹಾರವನ್ನು ಕೊಡುತ್ತಾರೆ.

ನರಗಳ ಒತ್ತಡವನ್ನು ನೀಗಿಸಿ ಎಷ್ಟೋ ಜನರ ಕೈಕಾಲುಗಳಿಗೆ ಬಲವನ್ನು ಮರಳಿಸಿದ ಈ ವಿದ್ಯೆಯನ್ನು ಅದರ ಅಪಾಯದ ಕಾರಣದಿಂದ ಹಳಿಯುವುದು ಸಲ್ಲದು. ಆದರೆ ಬೆನ್ನೆಲುಬು ಬೆಸೆದ ಮೇಲೂ ಲೋಹವು ಕೊರಳಿನಲ್ಲೇ ಉಳಿಯುವುದರಿಂದ, ಗಂಟಲಿನ ತೊಂದರೆಗೆಂದು ಬಂದ ರೋಗಿಯು ಹಳೆಯ ಶಸ್ತ್ರಕ್ರಿಯೆಯನ್ನು ಮರೆಯದೆ ಹೇಳುವುದೂ, ವೈದ್ಯನು ಅದು ಎಷ್ಟು ವರ್ಷ ಹಿಂದಿನದಾದರೂ ವಿಚಾರಿಸುವುದೂ ಚಿಕಿತ್ಸೆಯ ಮೊದಲ ಭಾಗವೆಂದೇ ಭಾವಿಸತಕ್ಕದ್ದು.