ಶೆಡ್ಡಿನಲ್ಲಿ ನಿಲ್ಲಿಸಿದ ಕಾರಿಗೆ ಎಂಥ ಹೊದಿಕೆ ಬೇಕು? ತಾಡಪಾಲು ಯಾಕೆ ಬೇಡ?

ತೆಕ್ಕಲಕೋಟೆ, ಸಿರುಗುಪ್ಪ, ಕುರುಗೋಡು ಕಡೆ ಈಗ ಎಷ್ಟೋ ರೈತರ ಮನೆಗಳಲ್ಲಿ ಟ್ರ್ಯಾಕ್ಟರ್ ಪಕ್ಕದಲ್ಲಿ ಒಂದು ಕಾರೂ ನಿಂತಿರುತ್ತದೆ. ಅದಕ್ಕೆ ಬೇರೆ ಗ್ಯಾರೇಜ್ ಕಟ್ಟಿಸಿದವರು ಕಡಿಮೆ. ಭತ್ತದ ಚೀಲ, ಗೊಬ್ಬರದ ಚೀಲ, ಪೈಪು, ಸ್ಪ್ರೇಯರ್ ಇಟ್ಟಿರುವ ತಗಡಿನ ಶೆಡ್ಡೇ ಕಾರಿನ ಮನೆ. ಮದುವೆ, ಆಸ್ಪತ್ರೆ, ಬಳ್ಳಾರಿ ಕೆಲಸ ಅಂತ ಹೊರಗೆ ತೆಗೆದರೆ ಉಂಟು, ಇಲ್ಲದಿದ್ದರೆ ವಾರಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ. ಧೂಳು ಕೂರದ ಹಾಗೆ ಏನಾದರೂ ಹೊದಿಸಬೇಕಲ್ಲ ಅಂದಾಗ ಮೊದಲು ಕೈಗೆ ಸಿಗುವುದು ಕಣದಲ್ಲಿ ಭತ್ತ ಮುಚ್ಚಿದ ತಾಡಪಾಲು. ಅದನ್ನೇ ಎತ್ತಿ ಹಾಕಿಬಿಡುತ್ತಾರೆ. ಧೂಳೇನೋ ನಿಲ್ಲುತ್ತದೆ, ಆದರೆ ಅದರ ಬದಲಿಗೆ ತುಕ್ಕು, ಬೂಷ್ಟು, ಇಲಿ ಮೂರನ್ನೂ ಕರೆದಂತಾಗುತ್ತದೆ. ಲಕ್ಷಗಟ್ಟಲೆ ಕೊಟ್ಟು, ಅದೂ ಸಾಲ ಮಾಡಿ ತಂದ ಗಾಡಿ ಹಾಳಾಗಬಾರದು ಅಂದರೆ ಹೊದಿಕೆಯ ವಿಷಯ ಸ್ವಲ್ಪ ತಿಳಿದುಕೊಳ್ಳಬೇಕು.

ಶೆಡ್ಡಿನೊಳಗೆ ಕಾರಿಗೆ ಏನೇನು ತೊಂದರೆ?

ಬಿಸಿಲು, ಮಳೆ ಎರಡನ್ನೂ ಚಾವಣಿಯೇ ತಡೆಯುತ್ತದೆ. ಹಾಗಾಗಿ ಬಯಲಲ್ಲಿ ನಿಲ್ಲುವ ಕಾರಿಗೆ ಬೇಕಾದ ದಪ್ಪನೆಯ ವಾಟರ್‌ಪ್ರೂಫ್ ಹೊದಿಕೆ ಇಲ್ಲಿ ಬೇಕಾಗಿಲ್ಲ. ನಮ್ಮ ಶೆಡ್ಡುಗಳಲ್ಲಿ ನೋಡಿಕೊಳ್ಳಬೇಕಾದ್ದು ನಾಲ್ಕು.

ಒಂದು, ಧೂಳು ಮತ್ತು ಬೂದಿ. ನವೆಂಬರ್-ಡಿಸೆಂಬರ್ ಕೊಯ್ಲಿನಲ್ಲಿ ಭತ್ತದ ಸುಂಕು ಎಲ್ಲೆಲ್ಲೂ ಹಾರುತ್ತದೆ. ಅಕ್ಕಿ ಗಿರಣಿಗಳ ಹತ್ತಿರ ಇದ್ದವರಿಗೆ ಹೊಟ್ಟಿನ ಬೂದಿಯೂ ಸೇರುತ್ತದೆ. ಭತ್ತದ ಹೊಟ್ಟು ಸುಟ್ಟರೆ ಅದರ ತೂಕದ ಸುಮಾರು ಐದನೇ ಒಂದು ಪಾಲು ಬೂದಿ ಉಳಿಯುತ್ತದೆ, ಆ ಬೂದಿಯಲ್ಲಿ ಹೆಚ್ಚು ಕಡಿಮೆ 90% ಸಿಲಿಕಾ. ಮರಳಿನಲ್ಲಿರುವುದೂ ಅದೇ. ಇಂಥ ಬೂದಿ ಕೂತ ಕಾರನ್ನು ಒಣ ಬಟ್ಟೆಯಲ್ಲಿ ಒರೆಸಿದರೆ, ಇಲ್ಲವೇ ಅದರ ಮೇಲೆ ಹೊದಿಕೆ ಎಳೆದಾಡಿದರೆ, ಮರಳು ಕಾಗದ ಉಜ್ಜಿದ ಹಾಗೆ ಬಣ್ಣದ ಮೇಲೆ ಗೀರು ಬೀಳುತ್ತವೆ.

ಎರಡು, ತೇವ. ನೀರು ಹರಿಸಿದ ಗದ್ದೆಗಳ ನಡುವಿನ ಶೆಡ್ಡು, ಅದರಲ್ಲೂ ಕೆಳಗೆ ಎರೆಮಣ್ಣಿನ ನೆಲ ಇದ್ದರೆ, ನೆಲದಿಂದಲೇ ಆವಿ ಏಳುತ್ತಿರುತ್ತದೆ. ಚಳಿಗಾಲದ ರಾತ್ರಿ ತಗಡು ತಣ್ಣಗಾಗಿ ಒಳಗಿನ ಆವಿ ಹನಿಯಾಗಿ ಉದುರುತ್ತದೆ.

ಮೂರು, ಗೊಬ್ಬರ. ಗಾಳಿಯ ತೇವಾಂಶ ಸುಮಾರು 75% ದಾಟಿದರೆ ಯೂರಿಯಾ ನೀರು ಹೀರಿ ಕರಗುವುದಕ್ಕೆ ಶುರು. ಪೊಟ್ಯಾಷ್‌ನಲ್ಲಿ ಕ್ಲೋರೈಡ್ ಇದೆ, ಅದು ಉಪ್ಪಿನ ಹಾಗೆಯೇ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಗೊಬ್ಬರದ ಧೂಳು ಮತ್ತು ತೇವ ಎರಡೂ ಕೂಡಿದರೆ ಬಾಗಿಲ ಅಂಚು, ಚಾಸಿ, ಬ್ಯಾಟರಿ ಟರ್ಮಿನಲ್ ಬೇಗ ಹಾಳಾಗುತ್ತವೆ.

ನಾಲ್ಕು, ಇಲಿ. ಇದಕ್ಕೆ ಆಮೇಲೆ ಬರೋಣ.

ತಾಡಪಾಲು ಯಾಕೆ ಬೇಡ?

ಪಾಲಿಹೌಸ್‌ಗೆ ಬೆಳಗಿನ ಜಾವ ಹೋದವರಿಗೆ ಇದು ಬೇಗ ಅರ್ಥ ಆಗುತ್ತದೆ. ಹೊರಗೆ ಮಳೆ ಇರುವುದಿಲ್ಲ, ಆದರೂ ಫಿಲ್ಮ್‌ನ ಒಳಮೈಯಿಂದ ತಟತಟ ಹನಿ ಬೀಳುತ್ತಿರುತ್ತದೆ. ಮಣ್ಣು, ಗಿಡಗಳಿಂದ ಎದ್ದ ಆವಿಗೆ ಹೊರಗೆ ಹೋಗಲು ದಾರಿ ಇಲ್ಲದೆ ತಣ್ಣನೆಯ ಫಿಲ್ಮ್‌ಗೆ ತಾಗಿ ನೀರಾಗುತ್ತದೆ. ತಾಡಪಾಲಿನ ಕೆಳಗೆ ಕಾರಿಗೆ ಆಗುವುದೂ ಇದೇ. ಪ್ಲಾಸ್ಟಿಕ್ ಲೇಪನದ ತಾಡಪಾಲು ಮೇಲಿನ ನೀರನ್ನು ಒಳಗೆ ಬಿಡುವುದಿಲ್ಲ, ಒಳಗಿನ ಆವಿಯನ್ನೂ ಹೊರಗೆ ಬಿಡುವುದಿಲ್ಲ. ಸೀಟಿಗೆ ಬೂಷ್ಟು ಹಿಡಿಯುತ್ತದೆ, ಬ್ರೇಕ್ ಡಿಸ್ಕ್ ಕೆಂಪಾಗುತ್ತದೆ. ಹೊಸ ಭತ್ತವನ್ನು ಹಸಿ ಇದ್ದಾಗಲೇ ತಾಡಪಾಲಿನಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಮುಗ್ಗು ವಾಸನೆ ಬರುತ್ತದಲ್ಲ, ಹಾಗೆ.

ಇನ್ನೊಂದು ವಿಷಯ: ಕಣದಲ್ಲಿ ಬಳಸಿದ ತಾಡಪಾಲಿನ ಮೈಗೆ ಮಣ್ಣು, ಸುಂಕು ಅಂಟಿರುತ್ತದೆ. ಅದರ ಗಡಸು ಮೈ ಬಣ್ಣವನ್ನು ಉಜ್ಜುತ್ತದೆ.

ಹಾಗಂತ ತಾಡಪಾಲು ಸುಮ್ಮನೆ ಬಿಸಾಡಬೇಡಿ. ಅದಕ್ಕೆ ಸರಿಯಾದ ಜಾಗ ಕಾರಿನ ಮೇಲಲ್ಲ, ಕಾರಿನ ಕೆಳಗೆ. ಶೆಡ್ಡಿಗೆ ಮಣ್ಣಿನ ನೆಲ ಇದ್ದರೆ ತಾಡಪಾಲನ್ನು ನೆಲಕ್ಕೆ ಚಪ್ಪಟೆಯಾಗಿ ಹಾಸಿ, ಅಂಚುಗಳಿಗೆ ಕಲ್ಲಿಟ್ಟು, ಅದರ ಮೇಲೆ ಕಾರು ನಿಲ್ಲಿಸಿ. ನೆಲದ ಆವಿ ಅಲ್ಲೇ ನಿಲ್ಲುತ್ತದೆ. ತೇವದ ಅರ್ಧ ತೊಂದರೆ ಇದರಲ್ಲೇ ಕಳೆಯುತ್ತದೆ.

ಯಾವ ಬಟ್ಟೆ ಯಾವ ಶೆಡ್ಡಿಗೆ?

ಹಳೆ ಸೀರೆ, ಹತ್ತಿ ದುಪ್ಪಟ: ಮೆತ್ತಗಿರುತ್ತದೆ, ಗಾಳಿ ಆಡುತ್ತದೆ. ಆದರೆ ಸಣ್ಣ ಬೂದಿ ಒಳಗೆ ಇಳಿಯುತ್ತದೆ, ಹನಿ ಬಿದ್ದರೆ ಒದ್ದೆಯಾಗಿ ಹಾಗೇ ಮೈಗೆ ಅಂಟಿಕೊಳ್ಳುತ್ತದೆ. ಸಿಮೆಂಟ್ ನೆಲ, ಆರ್‌ಸಿಸಿ ಚಾವಣಿ, ಬಾಗಿಲು ಇರುವ ಕೋಣೆಯಾದರೆ ದಪ್ಪ ಹತ್ತಿ ಬಟ್ಟೆ ಸಾಕು.

ತೆಳು ಪಾಲಿಯೆಸ್ಟರ್: ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಬೆಳ್ಳಿ ಬಣ್ಣದ ಕವರ್‌ಗಳಲ್ಲಿ ಬಹಳಷ್ಟು ಇವೇ. ಒಳಗೆ ಲೇಪನ ಇದ್ದರೆ ಅದೂ ತಾಡಪಾಲಿನ ತಮ್ಮನೇ. ಲೇಪನ ಇಲ್ಲದ, ನೇಯ್ಗೆ ಒತ್ತಾಗಿರುವ ಪಾಲಿಯೆಸ್ಟರ್ ಆದರೆ ಧೂಳಿಗೆ ಚೆನ್ನಾಗಿ ಬರುತ್ತದೆ.

ನಾನ್‌ವೋವನ್: ಪಪ್ಪಾಯಿ, ಕಲ್ಲಂಗಡಿ, ಮೆಣಸಿನಕಾಯಿ ಸಸಿಗಳಿಗೆ ಹೊದಿಸುವ ಬಿಳಿ ಕ್ರಾಪ್ ಕವರ್ ನೋಡಿರುತ್ತೀರಿ. ಅದೇ ಜಾತಿಯ ಬಟ್ಟೆ ಇದು. ಕ್ರಾಪ್ ಕವರ್ ಚದರ ಮೀಟರಿಗೆ 17ರಿಂದ 20 ಗ್ರಾಂ ತೂಗುತ್ತದೆ, ಕಾರಿಗೆ ಅದು ಸಾಲದು. ಕಾರಿನ ಹೊದಿಕೆಯಲ್ಲಿ ಇದೇ ಬಟ್ಟೆಯನ್ನು ಮೂರ್ನಾಲ್ಕು ಪದರ ಸೇರಿಸಿ, ನಡುವೆ ಸೂಕ್ಷ್ಮ ರಂಧ್ರದ ಫಿಲ್ಮ್ ಇಟ್ಟಿರುತ್ತಾರೆ. ನೀರಿನ ಹನಿ ಒಳಗೆ ಬರುವುದಿಲ್ಲ, ಆವಿ ಮಾತ್ರ ಹೊರಗೆ ಹೋಗುತ್ತದೆ. ತಗಡು ತೊಟ್ಟಿಕ್ಕುವ ಶೆಡ್ಡಿಗೆ, ಎರಡು ಮೂರು ಕಡೆ ಗೋಡೆ ಇಲ್ಲದ ಶೆಡ್ಡಿಗೆ ಇದೇ ಸೂಕ್ತ. ನಮ್ಮ ಕಡೆಯ ಹೆಚ್ಚಿನ ಶೆಡ್ಡುಗಳು ಇಂಥವೇ.

ಯಾವುದೇ ಆಗಲಿ, ಒಳಮೈ ಮೆತ್ತಗಿನ ಹತ್ತಿ ಅಥವಾ ಫ್ಲೀಸ್ ಇದ್ದರೆ ಒಳ್ಳೆಯದು.

ಕೊಳ್ಳುವ ಮೊದಲು ಪರೀಕ್ಷೆ

ಬಿಸಿನೀರಿನ ಲೋಟದ ಬಾಯಿಗೆ ಬಟ್ಟೆ ಮುಚ್ಚಿ, ಅದರ ಮೇಲೆ ಎರಡು ಬೆರಳು ಎತ್ತರದಲ್ಲಿ ತಣ್ಣನೆಯ ಸ್ಟೀಲ್ ತಟ್ಟೆ ಹಿಡಿಯಿರಿ. ತಟ್ಟೆ ಬೆವತರೆ ಬಟ್ಟೆ ಆವಿಯನ್ನು ಬಿಡುತ್ತದೆ ಅಂತ ಅರ್ಥ. ಬರೀ ಬಾಯಿಂದ ಊದಿ ನೋಡಿದರೆ ಸಾಲದು, ಸೂಕ್ಷ್ಮ ರಂಧ್ರದ ಫಿಲ್ಮ್ ಊದಿದ ಗಾಳಿಯನ್ನು ತಡೆದರೂ ಆವಿಯನ್ನು ಬಿಡುತ್ತದೆ. ಎರಡನೆಯದು, ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಂಥ ಬೆಳಕಿನ ಚುಕ್ಕೆ ಕಂಡರೆ ಬೂದಿಯೂ ಅಲ್ಲಿಂದ ಇಳಿಯುತ್ತದೆ. ಮೂರನೆಯದು, ಒಳಮೈಯನ್ನು ಕೆನ್ನೆಗೆ ಉಜ್ಜಿಕೊಳ್ಳಿ. ಚುಚ್ಚಿದರೆ ಬೇಡ.

ಅಳತೆಯಲ್ಲಿ ರಾಜಿ ಬೇಡ. ಕಾರಿನ ಮಾಡೆಲ್ ಹೇಳಿ ಅದಕ್ಕೆ ಹೊಲಿದದ್ದನ್ನೇ ಕೇಳಿ. ಕನ್ನಡಿಗೆ ಜೇಬು, ಕೆಳಗೆ ಎಲಾಸ್ಟಿಕ್, ಹೊಟ್ಟೆಯ ಕೆಳಗೆ ಕಟ್ಟುವ ಪಟ್ಟಿ ಇರಬೇಕು. ಸಡಿಲ ಇದ್ದರೆ ಗಾಳಿಗೆ ಬಡಿದು ಬಡಿದು ಬಣ್ಣ ಉಜ್ಜುತ್ತದೆ.

ಹಾಕುವ, ತೆಗೆಯುವ ಕ್ರಮ

ಊರಿಂದ ಬಂದ ತಕ್ಷಣ ಹೊದಿಸಬೇಡಿ. ಬಿಸಿ ಸೈಲೆನ್ಸರ್‌ಗೆ ತಾಗಿದರೆ ಬಟ್ಟೆ ಕರಗುತ್ತದೆ, ಬೆಂಕಿಯ ಭಯವೂ ಇದೆ. ಎಂಜಿನ್ ಪೂರ್ತಿ ತಣ್ಣಗಾಗಲಿ. ಮೊದಲು ನೀರು ಹಾಕಿ ಬೂದಿ ಇಳಿಸಿ, ಒಣಗಿಸಿ, ಆಮೇಲೆ ಹೊದಿಸಿ. ಒದ್ದೆ ಕಾರಿನ ಮೇಲೆ ಒಳ್ಳೆಯ ಹೊದಿಕೆಯೂ ಕೆಲಸಕ್ಕೆ ಬಾರದು. ತೆಗೆಯುವಾಗ ಎಳೆಯಬೇಡಿ, ಧೂಳಿನ ಮೈ ಒಳಗೆ ಸೇರುವ ಹಾಗೆ ಹಂತ ಹಂತವಾಗಿ ಮಡಚಿ, ನೆಲಕ್ಕೆ ಹಾಕಬೇಡಿ. ಹದಿನೈದು ದಿನಕ್ಕೊಮ್ಮೆ ಒಣ ಬಿಸಿಲಿನ ದಿನ ಹೊದಿಕೆ ತೆಗೆದು, ಬಾಗಿಲು ತೆರೆದು ಗಾಳಿ ಆಡಿಸಿ. ಎಂಜಿನ್ ಚಾಲೂ ಮಾಡುವುದಾದರೆ ಗಾಡಿಯನ್ನು ಹೊರಗೆ ತನ್ನಿ. ಮುಚ್ಚಿದ ಶೆಡ್ಡಿನಲ್ಲಿ ಹೊಗೆಯ ಕಾರ್ಬನ್ ಮಾನಾಕ್ಸೈಡ್ ವಾಸನೆ ಇಲ್ಲದೆಯೇ ಜೀವ ತೆಗೆಯುತ್ತದೆ.

ಇಲಿ ಮತ್ತು ಹಾವು

ಯಾವ ಹೊದಿಕೆಯೂ ಇಲಿಯನ್ನು ತಡೆಯುವುದಿಲ್ಲ. ಬದಲಿಗೆ ಕತ್ತಲು, ಬೆಚ್ಚಗಿನ ಜಾಗ ಮಾಡಿಕೊಡುತ್ತದೆ. ಕೊಯ್ಲು ಮುಗಿದು ಗದ್ದೆ ಖಾಲಿಯಾದಾಗ ಇಲಿಗಳು ಶೆಡ್ಡಿಗೆ ಬರುತ್ತವೆ, ವೈರ್ ಕಡಿಯುತ್ತವೆ. ಕಾಳಿನ ಚೀಲ, ಹಿಂಡಿ, ಹುಲ್ಲು ಕಾರಿನಿಂದ ದೂರ ಇಡಿ. ಗೊಬ್ಬರವನ್ನೂ ಬೇರೆ ಮೂಲೆಗೆ, ಹಲಗೆಯ ಮೇಲೆ ಇಡಿ. ಆಗಾಗ ಬಾನೆಟ್ ಎತ್ತಿ ನೋಡಿ, ಗೂಡು ಕಟ್ಟುವ ಮೊದಲೇ ಕಸ ತೆಗೆಯಿರಿ. ಸತು ಫಾಸ್ಫೈಡ್ ಪಾಷಾಣವನ್ನು ಮಾತ್ರ ಬಾನೆಟ್ ಒಳಗೆ ಇಡಲೇಬೇಡಿ. ತೇವ ತಾಗಿದರೆ ಅದರಿಂದ ಏಳುವ ಫಾಸ್ಫೀನ್ ವಿಷಾನಿಲ, ಎಸಿ ಗಾಳಿಯ ಜೊತೆ ಕೂತವರ ಮೂಗಿಗೇ ಬರಬಹುದು.

ಇಲಿ ಇದ್ದಲ್ಲಿ ಹಾವು. ಬಹಳ ದಿನ ಮುಚ್ಚಿಟ್ಟ ಕಾರಿನ ಹೊದಿಕೆಯನ್ನು ಕತ್ತಲಲ್ಲಿ ಬರಿಗೈಲಿ ಎತ್ತಬೇಡಿ. ಟಾರ್ಚ್ ಹಾಕಿ, ಕೋಲಿನಿಂದ ಅಂಚು ತಟ್ಟಿ, ಚಕ್ರಗಳ ಸುತ್ತ ನೋಡಿ. ಮಕ್ಕಳಿಗೂ ಹೇಳಿಡಿ.

ಟ್ರ್ಯಾಕ್ಟರ್‌ಗೆ?

ಕಾಲುವೆಗೆ ಎರಡನೇ ಬೆಳೆಯ ನೀರು ಬರದ ವರ್ಷ ಟ್ರ್ಯಾಕ್ಟರ್ ಕೂಡ ತಿಂಗಳುಗಟ್ಟಲೆ ನಿಲ್ಲುತ್ತದೆ. ಅದಕ್ಕೆ ಪೂರ್ತಿ ಹೊದಿಕೆ ಬೇಕಿಲ್ಲ. ಕೆಸರು ತೊಳೆದು ಒಣಗಿಸಿ, ಬಾನೆಟ್, ಮೀಟರ್, ಸೀಟಿನ ಮೇಲೆ ಮಾತ್ರ ಗಾಳಿ ಆಡುವ ಬಟ್ಟೆ ಹಾಕಿ. ಸೈಲೆನ್ಸರ್ ಬಾಯಿಗೆ ಒಂದು ಖಾಲಿ ಡಬ್ಬಿ ಬೋರಲು ಹಾಕಿ, ಚಾಲೂ ಮಾಡುವ ಮೊದಲು ನೆನಪಿಟ್ಟು ತೆಗೆಯಿರಿ. ಕಾರಾಗಲಿ ಟ್ರ್ಯಾಕ್ಟರ್ ಆಗಲಿ, ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಾದರೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡಿ.

ಈ ವಾರ ಮೊದಲು ಶೆಡ್ಡಿನ ಚಾವಣಿ, ನೆಲ ನೋಡಿ. ಎಲ್ಲಿ ತೊಟ್ಟಿಕ್ಕುತ್ತದೆ, ಎಲ್ಲಿ ತೇವ ಇದೆ ಅಂತ ತಿಳಿದ ಮೇಲೆ ಅದಕ್ಕೆ ತಕ್ಕ ಹೊದಿಕೆ ತನ್ನಿ. ಅಂಗಡಿಗೆ ಹೋಗುವಾಗ ಕಾರಿನ ಮಾಡೆಲ್, ವರ್ಷ ಬರೆದುಕೊಂಡು ಹೋಗುವುದನ್ನು ಮರೆಯಬೇಡ್ರಿ.