ಸ್ವಯಂಚಾಲಿತ ಗೇರುಪೆಟ್ಟಿಗೆಯ ದ್ರವಪರೀಕ್ಷೆ (ಲಾರಿ)

ಸ್ವಯಂಚಾಲಿತ ಗೇರುಪೆಟ್ಟಿಗೆಯ ದ್ರವಪರೀಕ್ಷೆ ಎಂದರೆ ಗೇರುಪೆಟ್ಟಿಗೆಯೊಳಗಿನ ದ್ರವದ ಬಣ್ಣ, ವಾಸನೆ ಹಾಗೂ ಅದರಲ್ಲಿ ಬೆರೆತಿರುವ ಕಣಗಳನ್ನು ಪರಿಶೀಲಿಸಿ, ಒಳಭಾಗಗಳ ಸವೆತವನ್ನು ಪೆಟ್ಟಿಗೆ ಬಿಚ್ಚುವ ಮೊದಲೇ ಅಂದಾಜು ಮಾಡುವ ವಿಧಾನ. ಹೊರೆ ತುಂಬಿದ ಲಾರಿಯು ಏರುದಾರಿಯಲ್ಲಿ ಎಳೆತ ಕಳೆದುಕೊಳ್ಳುವುದು ಅಪಾಯಕರ. ಆದ್ದರಿಂದ ಸವೆತವನ್ನು ಸಕಾಲದಲ್ಲಿ ಗುರುತಿಸುವುದು ಅಗತ್ಯ. ಆದರೆ ಬಣ್ಣವು ಒಂದು ಸುಳಿವು ಮಾತ್ರ. ಉಳಿದ ಲಕ್ಷಣಗಳೊಡನೆ ಹೋಲಿಸಿದಾಗಲೇ ಅದಕ್ಕೆ ಖಚಿತ ಅರ್ಥ ದೊರೆಯುತ್ತದೆ.

ದ್ರವದ ಕಾರ್ಯ

ಟಾರ್ಕ್ ಕನ್ವರ್ಟರ್ ಇರುವ ಗೇರುಪೆಟ್ಟಿಗೆಯಲ್ಲಿ ಈ ದ್ರವವು ಎಂಜಿನ್ನಿನ ಶಕ್ತಿಯನ್ನು ಸಾಗಿಸುತ್ತದೆ, ಒತ್ತಡದಿಂದ ಕ್ಲಚ್ ಫಲಕಗಳನ್ನು ಬಿಗಿಯುತ್ತದೆ, ಗೇರು ಹಾಗೂ ಬೇರಿಂಗುಗಳಿಗೆ ಕೀಲೆಣ್ಣೆಯಾಗುತ್ತದೆ ಮತ್ತು ಶಾಖವನ್ನು ಹೊರಕ್ಕೆ ಒಯ್ಯುತ್ತದೆ. ಜನರಲ್ ಮೋಟಾರ್ಸ್ ಸಂಸ್ಥೆಯು 1949ರಲ್ಲಿ ಇಂತಹ ದ್ರವಕ್ಕೆ ‘ಟೈಪ್ ಎ’ ಎಂಬ ಪ್ರತ್ಯೇಕ ಮಾನದಂಡವನ್ನು ಪ್ರಕಟಿಸಿತು. ದ್ರವದ ಪರಿಚಿತ ಕೆಂಪು ಬಣ್ಣವು ಎಂಜಿನ್ ಎಣ್ಣೆಯಿಂದ ಅದನ್ನು ಬೇರೆಯಾಗಿ ಗುರುತಿಸಲು ಬೆರೆಸಿದ ವರ್ಣದ್ರವ್ಯದ್ದು. ದ್ರವದ ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. ಎಲ್ಲ ತಯಾರಕರ ದ್ರವಗಳೂ ಕೆಂಪಾಗಿರುವುದಿಲ್ಲ.

ಬಣ್ಣ ಮತ್ತು ವಾಸನೆ

* ತಿಳಿಗೆಂಪು: ಹೊಸ ಅಥವಾ ಸುಸ್ಥಿತಿಯಲ್ಲಿರುವ ದ್ರವ.
* ಕಂದುಗೆಂಪು: ಬಳಕೆ ಮತ್ತು ಶಾಖದಿಂದ ವರ್ಣದ್ರವ್ಯ ಮಾಸಿರುತ್ತದೆ. ಸುಟ್ಟ ವಾಸನೆಯಿಲ್ಲದಿದ್ದರೆ ಇದೊಂದೇ ದೋಷದ ಗುರುತಲ್ಲ.
* ಕಡುಗಂದು ಅಥವಾ ಕಪ್ಪು, ಜೊತೆಗೆ ಸುಟ್ಟ ವಾಸನೆ: ದ್ರವವು ಅತಿಯಾಗಿ ಕಾದು ಉತ್ಕರ್ಷಣಗೊಂಡಿದೆ; ಕ್ಲಚ್ ಫಲಕಗಳು ಜಾರಿ ಸುಟ್ಟಿರುವ ಸಾಧ್ಯತೆ ಹೆಚ್ಚು.
* ಹಾಲು ಬೆರೆತಂತಹ ಗುಲಾಬಿ: ನೀರು ಅಥವಾ ರೇಡಿಯೇಟರಿನ ಶೀತಕ ಒಳಸೇರಿದೆ. ಇದು ಫಲಕಗಳ ಘರ್ಷಣ ಪದರವನ್ನು ಸಡಿಲಗೊಳಿಸುವುದರಿಂದ ವಾಹನವನ್ನು ಮುಂದೆ ಓಡಿಸಬಾರದು.
* ನೊರೆ: ದ್ರವದ ಮಟ್ಟ ಹೆಚ್ಚಾಗಿ ಅಥವಾ ಕಡಿಮೆಯಾಗಿ ಗಾಳಿ ಬೆರೆತಿದೆ.

ಕಣಗಳ ಪರಿಶೀಲನೆ

ದ್ರವವನ್ನು ಇಳಿಸಿ ಕೆಳತಟ್ಟೆಯನ್ನು ಬಿಚ್ಚಿದಾಗ ಹೆಚ್ಚು ನಿಖರವಾದ ಸಾಕ್ಷ್ಯ ದೊರೆಯುತ್ತದೆ. ಅಯಸ್ಕಾಂತಕ್ಕೆ ಅಂಟಿದ ನಯವಾದ ಬೂದು ಕೆಸರು ಸಹಜ ಸವೆತದ ಫಲ. ಬೆರಳಿಗೆ ಚುಚ್ಚುವ ಉಕ್ಕಿನ ಚೂರುಗಳು ಗೇರು ಅಥವಾ ಬೇರಿಂಗಿನ ಹಾನಿಯನ್ನು ಸೂಚಿಸುತ್ತವೆ. ಅಯಸ್ಕಾಂತಕ್ಕೆ ಅಂಟದ ಹೊಳಪಿನ ಬಿಳಿ ಚೂರು ಅಲ್ಯೂಮಿನಿಯಂ ಆಗಿದ್ದರೆ ಕವಚ ಅಥವಾ ಟಾರ್ಕ್ ಕನ್ವರ್ಟರ್ ಸವೆದಿರಬಹುದು. ಹಳದಿ ಲೋಹವು ಬುಷ್ ಮತ್ತು ವಾಷರುಗಳಿಂದ ಬರುತ್ತದೆ. ಕಪ್ಪು ನಾರಿನಂತಹ ಪುಡಿ ಹೇರಳವಾಗಿದ್ದರೆ ಅದು ಕ್ಲಚ್ ಪದರದ್ದು. ಪ್ರಯೋಗಾಲಯದಲ್ಲಿ ಕಬ್ಬಿಣ, ತಾಮ್ರ, ಸೀಸಗಳ ಪ್ರಮಾಣವನ್ನು ಅಳೆಯಬಹುದು. ಇಲ್ಲಿ ಒಂದು ಮಾದರಿಗಿಂತ, ಕಾಲಕಾಲಕ್ಕೆ ತೆಗೆದ ಮಾದರಿಗಳಲ್ಲಿ ಕಾಣುವ ಏರಿಕೆಯೇ ಮುಖ್ಯ.

ಪರೀಕ್ಷಾ ಕ್ರಮ

ಲಾರಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ನಿಲುಗಡೆ ಬ್ರೇಕ್ ಹಾಕಿ, ಚಕ್ರಗಳಿಗೆ ಅಡ್ಡಗಟ್ಟೆ ಇಡಬೇಕು. ದ್ರವವು ಕಾದಂತೆ ಹಿಗ್ಗುವುದರಿಂದ, ಮಟ್ಟವನ್ನು ತಯಾರಕರ ಕೈಪಿಡಿ ಸೂಚಿಸಿದ ಉಷ್ಣತೆ ಮತ್ತು ಗೇರಿನ ಸ್ಥಿತಿಯಲ್ಲಿಯೇ ನೋಡಬೇಕು. ಅಳತೆಕೋಲಿನ ತುದಿಯ ದ್ರವವನ್ನು ಬಿಳಿಯ ಕಾಗದದ ಮೇಲೆ ತೊಟ್ಟಿಕ್ಕಿಸಿದರೆ ಬಣ್ಣ ಮತ್ತು ಕಣಗಳು ಸ್ಪಷ್ಟವಾಗುತ್ತವೆ. ಗೇರು ಹಿಡಿಯಲು ವಿಳಂಬ, ಎಂಜಿನ್ ವೇಗ ಏರಿದರೂ ಲಾರಿ ಮುಂದೆ ಸಾಗದಿರುವುದು, ಗೇರು ಬದಲಾಗುವಾಗ ನಡುಕ ಮೊದಲಾದ ಲಕ್ಷಣಗಳನ್ನೂ ದಾಖಲಿಸಬೇಕು. ಮಟ್ಟದ ಕೊರತೆ, ಸೋರಿಕೆ, ವಿದ್ಯುತ್ ದೋಷಗಳಿಂದಲೂ ಇಂತಹ ಲಕ್ಷಣಗಳು ಕಾಣಿಸಿಕೊಳ್ಳುವುದರಿಂದ ಅವುಗಳನ್ನು ಮೊದಲು ಪರೀಕ್ಷಿಸುವುದು ಉಚಿತ.

ಮಿತಿಗಳು

ದ್ರವವನ್ನು ಬದಲಾಯಿಸುವುದರಿಂದ ಸವೆದ ಫಲಕ ಹೊಸದಾಗುವುದಿಲ್ಲ. ಹೊಸ ದ್ರವ ಹಾಕಿದ್ದರಿಂದಲೇ ಹಳೆಯ ಗೇರುಪೆಟ್ಟಿಗೆ ಕೆಟ್ಟಿತೆಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಅನೇಕ ವೇಳೆ ಸವೆತವು ಮಿತಿಮೀರಿದ ನಂತರವಷ್ಟೇ ದ್ರವವನ್ನು ಬದಲಾಯಿಸಿರುತ್ತಾರೆ. ಇನ್ನೊಂದೆಡೆ, ಬಣ್ಣ ಮಾಸಿದೆಯೆಂಬ ಕಾರಣಕ್ಕೇ ಪೆಟ್ಟಿಗೆಯನ್ನು ಬಿಚ್ಚಿಸುವುದು ಅನಗತ್ಯ ವೆಚ್ಚ. ದ್ರವ ಕೆಡಲು ಅತಿಶಾಖ ಕಾರಣವಾಗಿದ್ದರೆ ಶೀತಲೀಕರಣ ವ್ಯವಸ್ಥೆಯನ್ನು ಸರಿಪಡಿಸದ ಹೊರತು ಹೊಸ ದ್ರವವೂ ಬೇಗ ಕೆಡುತ್ತದೆ.

ಮೇಲಿನ ವಿವರಗಳು ಎ.ಎಂ.ಟಿ. ಎಂದು ಕರೆಯಲಾಗುವ ಗೇರುಪೆಟ್ಟಿಗೆಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ. ಅವು ಸಾಮಾನ್ಯ ಗೇರುಪೆಟ್ಟಿಗೆಗೆ ಸ್ವಯಂಚಾಲಿತ ನಿಯಂತ್ರಣ ಅಳವಡಿಸಿದಂಥವು. ಅವುಗಳ ಕ್ಲಚ್ ಸಾಮಾನ್ಯವಾಗಿ ಒಣ ಬಗೆಯದಾದ್ದರಿಂದ, ಅದರ ಸವೆತವು ಗೇರು ಎಣ್ಣೆಯ ಬಣ್ಣದಲ್ಲಿ ಕಾಣಿಸುವುದಿಲ್ಲ.